ಹಳೆಯ ಟಾರ್ಚ್‌ಗೆ ಎಲ್‌ಇಡಿ: ಬೆಸುಗೆಗೆ ಮುನ್ನ ತಿಳಿದಿರಬೇಕಾದದ್ದು

ಮೂಲೆ ಸೇರಿದ ಬಲ್ಬ್ ಟಾರ್ಚ್‌ಗೆ ಎಲ್‌ಇಡಿ ಅಳವಡಿಸಿ ಮರುಬಳಸಬಹುದು. ಇದಕ್ಕೆ 25 ವ್ಯಾಟ್‌ನ ಸೋಲ್ಡರಿಂಗ್ ಐರನ್, ಒಳಗೆ ರಾಳವಿರುವ ಬೆಸುಗೆ ತಂತಿ, ಇಕ್ಕಳ ಹಾಗೂ ಮಲ್ಟಿಮೀಟರ್ ಸಾಕು.

ಮೂರು ಸೆಲ್‌ಗಳ ಟಾರ್ಚ್‌ನಲ್ಲಿ 4.5 ವೋಲ್ಟ್ ದೊರೆಯುತ್ತದೆ. 5 ಮಿ.ಮೀ. ಗಾತ್ರದ ಬಿಳಿ ಎಲ್‌ಇಡಿಗೆ ಬೇಕಿರುವುದು ಸುಮಾರು 3.2 ವೋಲ್ಟ್, 20 ಮಿಲಿಆಂಪಿಯರ್. ಉಳಿದ 1.3 ವೋಲ್ಟ್ ತಡೆಯಲು 68 ಓಮ್‌ನ ರೆಸಿಸ್ಟರನ್ನು ಸರಣಿಯಲ್ಲಿ ಜೋಡಿಸಬೇಕು. ಇಲ್ಲದಿದ್ದಲ್ಲಿ ಎಲ್‌ಇಡಿ ಸುಟ್ಟುಹೋದೀತು. ಹೆಚ್ಚು ಬೆಳಕಿಗೆ ಹಲವು ಎಲ್‌ಇಡಿಗಳನ್ನು ಸಮಾಂತರವಾಗಿ ಜೋಡಿಸುವುದಾದರೆ ಪ್ರತಿಯೊಂದಕ್ಕೂ ಪ್ರತ್ಯೇಕ ರೆಸಿಸ್ಟರ್ ಇರಲಿ. ಎಲ್‌ಇಡಿಯ ಉದ್ದನೆಯ ಕಾಲೇ ಧನಾಗ್ರ.

60 ಭಾಗ ತವರ, 40 ಭಾಗ ಸೀಸವಿರುವ ಬೆಸುಗೆ ತಂತಿ ಸುಮಾರು 190 ಡಿಗ್ರಿ ಸೆಲ್ಸಿಯಸ್‌ನಲ್ಲಿ ಪೂರ್ತಿ ಕರಗುತ್ತದೆ. ಲೋಹವನ್ನು ಉಜ್ಜಿ ಶುಚಿಗೊಳಿಸಿ, ಮೊದಲು ಕೂಡುವ ಜಾಗವನ್ನು ಕಾಯಿಸಿ, ಬಳಿಕ ತಂತಿ ತಾಗಿಸಬೇಕು. ಎರಡು-ಮೂರು ಸೆಕೆಂಡು ಸಾಕು. ಬೆಸುಗೆ ಹೊಳೆದರೆ ಗಟ್ಟಿ. ಮಂಕಾಗಿ ಉಂಡೆಗಟ್ಟಿದರೆ ಮತ್ತೆ ಕಾಯಿಸಬೇಕು.

ರೀಚಾರ್ಜ್ ಮಾಡುವ ಲಿಥಿಯಂ ಸೆಲ್‌ಗೆ ಮಾತ್ರ ಎಂದಿಗೂ ನೇರವಾಗಿ ಬೆಸುಗೆ ಹಾಕಕೂಡದು. ಶಾಖದಿಂದ ಒಳಪದರ ಹಾಳಾಗಿ ಬೆಂಕಿ ಹೊತ್ತಿಕೊಳ್ಳುವ ಅಪಾಯವಿದೆ. ಸೆಲ್ ಹೋಲ್ಡರ್ ಬಳಸುವುದೇ ಕ್ಷೇಮ. ಕೆಲಸದ ವೇಳೆ ಕಿಟಕಿ ತೆರೆದಿರಲಿ; ಸೀಸ ವಿಷಕಾರಿಯಾದ್ದರಿಂದ ಬಳಿಕ ಕೈತೊಳೆಯುವುದನ್ನು ಮರೆಯಬಾರದು.