ಭಾವನ ಎಂಜಿನ್ನು

ಬೇತಾಳನು ವಿಕ್ರಮನಿಗೆ ಹೇಳಿದ ಕಥೆಗಳಲ್ಲಿ ತಲೆಗಳು ಅದಲುಬದಲಾದ ಕಥೆಯನ್ನು ವಾಚಕರು ಬಲ್ಲರು. ಗಂಡನ ತಲೆ ಇನ್ನೊಬ್ಬನ ಮುಂಡಕ್ಕೂ, ಅವನ ತಲೆ ಗಂಡನ ಮುಂಡಕ್ಕೂ ಕೂಡಿಕೊಂಡಾಗ ಹೆಂಡತಿ ಯಾರನ್ನು ಗಂಡನೆನ್ನಬೇಕು? ತಲೆಯೇ ಉತ್ತಮಾಂಗವಾದುದರಿಂದ ಗಂಡನ ತಲೆ ಯಾರಲ್ಲಿದೆಯೋ ಅವನೇ ಗಂಡನೆಂದು ರಾಜನು ತೀರ್ಪು ಕೊಟ್ಟನು. ಆ ತೀರ್ಪಿನಿಂದಾಚೆಗೆ ಕಥೆಯನ್ನು ಬೆಳೆಸಿ ಗಿರೀಶ ಕಾರ್ನಾಡರು 1971ರಲ್ಲಿ ‘ಹಯವದನ’ವನ್ನು ಬರೆದರು. ಆ ನಾಟಕವನ್ನು ನಾನು ತರಗತಿಯಲ್ಲಿ ಹಲವು ವರ್ಷ ಪಾಠ ಹೇಳಿದವನು. ಆದರೆ ಬೇತಾಳನ ಪ್ರಶ್ನೆಯ ಬಿಸಿ ನನಗೆ ನಿಜವಾಗಿ ತಗುಲಿದ್ದು 2011ರಲ್ಲಿ, ಮೈಸೂರಿನ ಒಂದು ಹುಣಸೆಮರದ ಕೆಳಗೆ, ಕೈಗೆಲ್ಲ ಗ್ರೀಸು ಬಳಿದುಕೊಂಡು ನಿಂತಿದ್ದ ಮೇಸ್ತ್ರಿಯೊಬ್ಬರ ಮುಂದೆ.

ನನ್ನ ಅಂಬಾಸಡರ್ ಕಾರು ಹುಟ್ಟಿದ್ದೂ 1971ರಲ್ಲಿಯೇ. ಮಾರ್ಕ್ 2 ಎಂಬ ಮಾದರಿ. ಚಾರ್ಮಾಡಿ ಘಾಟಿಯನ್ನು ಏರುವಾಗ ರೇಡಿಯೇಟರಿನ ನೀರು ಕುದಿದು ಬತ್ತಿದ್ದನ್ನು ಗಮನಿಸದೆ ಓಡಿಸಿದ ಅಪರಾಧ ನನ್ನದು. ಎಂಜಿನ್ನಿನ ಬ್ಲಾಕು ಬಿರುಕುಬಿಟ್ಟಿತು. ಸಿಲಿಂಡರು ಸವೆದಿದ್ದರೆ ಬೋರು ಮಾಡಿಸಬಹುದು, ಪಿಸ್ಟನ್ನು ರಿಂಗುಗಳನ್ನು ಹೊಸದಾಗಿ ಹಾಕಿಸಬಹುದು. ಬ್ಲಾಕೇ ಒಡೆದರೆ ಬೇರೆ ಎಂಜಿನ್ನನ್ನು ಹುಡುಕುವುದೇ ಮೇಲೆಂದು ಮೇಸ್ತ್ರಿ ಹೇಳಿದರು.

ಎಂಜಿನ್ನು ಎಲ್ಲಿದೆಯೆಂಬುದು ನನಗೆ ಗೊತ್ತಿತ್ತು. ಹೇಳಲು ಬಾಯಿ ಬರಲಿಲ್ಲ. ಕರಾವಳಿಯಲ್ಲಿ ಡಾಕ್ಟರಾಗಿದ್ದ ನನ್ನ ಭಾವ 1977ರ ಮಾರ್ಕ್ 3 ಒಂದನ್ನು ಇಟ್ಟಿದ್ದರು. ರಾತ್ರಿ ಎಷ್ಟು ಹೊತ್ತಿಗೆ ಕರೆ ಬಂದರೂ ಅದರಲ್ಲಿಯೇ ಹೋಗುವರು. ಅವರು ತೀರಿಕೊಂಡದ್ದು 2006ರಲ್ಲಿ. ಆಮೇಲೆ ಕಾರು ಅಕ್ಕನ ಹೆಸರಿಗಾಯಿತು, ಆದರೆ ಮನೆಯ ಹಿಂದಿನ ಮಾಡಿನಿಂದ ಹೊರಗೆ ಬರಲಿಲ್ಲ. ಉಪ್ಪುಗಾಳಿಗೆ ಅದರ ತಳ ಜರಡಿಯಾಗಿತ್ತು. ಒಳಗೆ ಕುಳಿತವರು ಕಾಲಡಿಯಲ್ಲಿ ನೆಲವನ್ನು ನೋಡಬಹುದಿತ್ತು. ಲಾರಿ ಜೀಪುಗಳಂತೆ ಅಂಬಾಸಡರಿಗೆ ಪ್ರತ್ಯೇಕವಾದ ಉಕ್ಕಿನ ಚೌಕಟ್ಟಿಲ್ಲ. ಅದರ ತಗಡಿನ ಒಡಲೇ ಅದರ ಎಲುಬು. ಆದ್ದರಿಂದ ಅದಕ್ಕೆ ತುಕ್ಕು ಹಿಡಿಯಿತೆಂದರೆ ಕ್ಷಯ ಹಿಡಿದಂತೆಯೇ. ಎಂಜಿನ್ನು ಮಾತ್ರ ನೆಟ್ಟಗಿತ್ತು. ಏಕೆಂದರೆ ಅಕ್ಕ ಪ್ರತಿ ಭಾನುವಾರ ಪಕ್ಕದ ಮನೆಯ ಹುಡುಗನನ್ನು ಕರೆಸಿ ಹತ್ತು ನಿಮಿಷ ಅದನ್ನು ಓಡಿಸುತ್ತಿದ್ದಳು. ಕಾರು ಕೆಡದಿರಲೆಂದು ಎಂದು ಅವಳು ಹೇಳುತ್ತಿದ್ದಳು. ನಾವೂ ಹಾಗೆಂದೇ ನಂಬಿದಂತೆ ಇದ್ದೆವು.

ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡಿನ ಮೂರನೆಯ ಮಾದರಿಯನ್ನು ತಂದು ಹಿಂದೂಸ್ತಾನ್ ಮೋಟರ್ಸಿನವರು ಬಂಗಾಳದ ಉತ್ತರಪಾಡಾದಲ್ಲಿ 2014ರವರೆಗೂ ತಯಾರಿಸುತ್ತ ಬಂದ ಈ ಗಾಡಿಯಲ್ಲಿ ಕಾಲಕಾಲಕ್ಕೆ ಮುಂದಿನ ಜಾಲರಿ ಬದಲಾಯಿತು, ದೀಪ ಬದಲಾಯಿತು; ಆದರೆ ಮಾರ್ಕ್ 2ರಲ್ಲಿದ್ದ 1489 ಸಿ.ಸಿ. ಪೆಟ್ರೋಲ್ ಎಂಜಿನ್ನೇ ಮಾರ್ಕ್ 3ರಲ್ಲಿಯೂ ಇತ್ತು. ಹೊಸತನ್ನು ತರಲಿಲ್ಲವೆಂದು ನಾವೆಲ್ಲ ಆಡಿಕೊಂಡ ಆ ಜಡತ್ವವೇ ಈಗ ನನ್ನ ಪಾಲಿಗೆ ಉಪಕಾರವಾಗಿತ್ತು.

ನಾನು ಹೋಗಿ ಅಕ್ಕನನ್ನು ಕೇಳಿದೆ. ಎಂಜಿನ್ನು ಕೊಡಲು ಅವಳು ಹಿಂದುಮುಂದು ನೋಡಲಿಲ್ಲ. ತೊಡಕು ಬಂದದ್ದು ಕಾಗದದಲ್ಲಿ. ಎಂಜಿನ್ನು ಬದಲಾಯಿಸಲು ಸಾರಿಗೆ ಕಚೇರಿಯ ಒಪ್ಪಿಗೆ ಬೇಕು. ಎಂಜಿನ್ನು ಹೋದ ಗಾಡಿ ಇನ್ನು ಶಾಶ್ವತವಾಗಿ ಬಳಕೆಗೆ ಬಾರದೆಂದು ಅದರ ಒಡೆಯರು ಬರೆದುಕೊಟ್ಟು ನೋಂದಣಿಯನ್ನು ರದ್ದುಮಾಡಿಸಬೇಕು.

“ಕಾರು ಸತ್ತಿತು ಅಂತ ನಾನು ರುಜು ಹಾಕಬೇಕೇನೋ?” ಎಂದಳು.

ನಾನು ಸುಮ್ಮನಿದ್ದೆ. ಕಾಗದ ಆ ರಾತ್ರಿ ದೇವರ ಗೂಡಿನ ಪಕ್ಕದಲ್ಲಿ ಬಿದ್ದಿತ್ತು. ಬೆಳಗ್ಗೆ ನೋಡಿದರೆ ರುಜು ಆಗಿತ್ತು. ಭಾವನ ಮಸಿ ಪೆನ್ನಿನಲ್ಲಿ ಹಾಕಿದ್ದಳೆಂದು ಮಸಿಯ ಬಣ್ಣದಿಂದ ತಿಳಿಯಿತು.

ಲಾರಿಯಲ್ಲಿ ಆ ಕಾರನ್ನು ಮೈಸೂರಿಗೆ ತರಿಸಿ ನನ್ನದರ ಪಕ್ಕದಲ್ಲಿ ನಿಲ್ಲಿಸಿದಾಗ ಅಣ್ಣತಮ್ಮಂದಿರನ್ನು ಆಸ್ಪತ್ರೆಯ ಮಂಚಗಳ ಮೇಲೆ ಮಲಗಿಸಿದಂತೆ ಕಂಡಿತು. ಬ್ಯಾಟರಿಯ ತಂತಿ ಬಿಚ್ಚಿ, ಬಾನೆಟ್ಟನ್ನು ಕಳಚಿ, ನೀರನ್ನು ಹರಿಯಬಿಟ್ಟು, ರೇಡಿಯೇಟರನ್ನು ಹೊರಗಿಟ್ಟರು. ಗೇರ್‌ಬಾಕ್ಸನ್ನು ಗಾಡಿಯಲ್ಲಿಯೇ ಬಿಟ್ಟು ಅದರ ಕೆಳಗೆ ಜಾಕು ಕೊಟ್ಟರು. ಹುಣಸೆಯ ದಪ್ಪ ಕೊಂಬೆಗೆ ಕಟ್ಟಿದ್ದ ಚೈನ್ ಪುಲ್ಲಿಯ ಸರಪಳಿಯನ್ನು ಎಂಜಿನ್ನಿಗೆ ತೊಡಿಸಿ, ಮೊದಲು ಮುಂದಕ್ಕೆ ಎಳೆದು, ಆಮೇಲೆ ಮೇಲಕ್ಕೆತ್ತಿದರು. ಈ ಕ್ರಮ ತಪ್ಪಿದರೆ ಗೇರ್‌ಬಾಕ್ಸಿನ ಭಾರವೆಲ್ಲ ಕ್ಲಚ್ ಪ್ಲೇಟಿನ ಮೇಲೆ ಬಿದ್ದು ಅದು ಸೊಟ್ಟಗಾಗುವುದಂತೆ.

ತೆಗೆಯುವುದಕ್ಕೆ ಅರ್ಧ ದಿನ; ಕೂಡಿಸುವುದಕ್ಕೆ ಎರಡು ದಿನ. ಗೇರ್‌ಬಾಕ್ಸಿನಿಂದ ಚಾಚಿರುವ ಹಲ್ಲಿನ ದಂಡ ಕ್ಲಚ್ ಪ್ಲೇಟಿನ ನಡುವಣ ಕಂಡಿಯಲ್ಲಿ ನುಗ್ಗಿ ಕ್ರ್ಯಾಂಕಿನ ತುದಿಯ ಬುಷ್ಷಿನಲ್ಲಿ ಕೂರಬೇಕು. ಕೂದಲೆಳೆಯಷ್ಟು ವಾರೆಯಾದರೂ ಒಳಗೆ ಹೋಗದು. ಇದಕ್ಕೆಂದೇ ಮೇಸ್ತ್ರಿ ಹಳೆಯ ಗೇರ್‌ಬಾಕ್ಸೊಂದರ ದಂಡವನ್ನು ಕಾಪಾಡಿಕೊಂಡಿದ್ದರು. ಅದನ್ನು ತೂರಿಸಿ, ಪ್ಲೇಟನ್ನು ನಡುವಿಗೆ ತಂದು, ಬೋಲ್ಟು ಬಿಗಿದು, ಹಿಂದಕ್ಕೆಳೆದುಕೊಂಡರು. ಇಷ್ಟಾದರೂ ಅವಳಿಗಳಲ್ಲಿ ಒಂದು ಭೇದ ಉಳಿದಿತ್ತು: ನನ್ನದರಲ್ಲಿ ಡೈನಮೋ, ಭಾವ ತಮ್ಮದಕ್ಕೆ ಆಲ್ಟರ್ನೇಟರ್ ಹಾಕಿಸಿದ್ದರು. ನನ್ನ ಗಾಡಿಯ ತಂತಿಗಳಿಗೆ ಅದು ಒಗ್ಗದು. ಕೊನೆಗೆ ನನ್ನ ಡೈನಮೋವನ್ನೇ ಭಾವನ ಎಂಜಿನ್ನಿಗೆ ಕಟ್ಟಿದೆವು.

ಆಗಲೇ ನಾನು ಬೇತಾಳನ ಪ್ರಶ್ನೆಯನ್ನು ಕೇಳಿದ್ದು. ಮೇಸ್ತ್ರಿ ತಲೆಯೆತ್ತದೆ, “ಮೇಷ್ಟ್ರೇ, ಗಾಡಿ ಅಂದ್ರೆ ಎಂಜಿನ್ನು. ಮಿಕ್ಕಿದ್ದೆಲ್ಲ ತಗಡು” ಎಂದರು. ಸಾರಿಗೆ ಕಚೇರಿಯ ಮತ ಬೇರೆ. ಅಲ್ಲಿ ಷಾಸಿಯ ಸಂಖ್ಯೆಯ ಮೇಲೆ ಕಾಗದವಿಟ್ಟು ಪೆನ್ಸಿಲಿನಿಂದ ಉಜ್ಜಿ ಅಚ್ಚು ತೆಗೆದರು. ಅದು ಹಳೆಯದಾದುದರಿಂದ ಕಾರೂ ಹಳೆಯದೇ. ಎಂಜಿನ್ನಿನ ಸಂಖ್ಯೆಯನ್ನಷ್ಟೆ ತಿದ್ದಿಕೊಟ್ಟರು. ವಿಕ್ರಮನ ನ್ಯಾಯಕ್ಕೆ ಕಾನೂನೇ ಹತ್ತಿರ. ನನಗೆ ಯಾಕೋ ಮೇಸ್ತ್ರಿಯ ಮಾತೇ ಹಿಡಿಸಿತು.

ಒಂದೂವರೆ ತಿಂಗಳ ಮೇಲೆ ಅಕ್ಕನ ಊರಿಗೆ ಅದರಲ್ಲಿಯೇ ಹೋದೆ. ಕಾಗದ ಬರೆದಿರಲಿಲ್ಲ. ಗೇಟಿನ ಮುಂದೆ ಎಂಜಿನ್ನು ನಿಲ್ಲಿಸದೆ ಒಂದು ಗಳಿಗೆ ಕುಳಿತೆ. ಒಳಗೆ ಪಾತ್ರೆಯ ಸದ್ದು ನಿಂತಿತು. ಅಕ್ಕ ಸೆರಗಿಗೆ ಕೈ ಒರೆಸುತ್ತ ಜಗಲಿಗೆ ಬಂದು, ನನ್ನ ಮುಖವನ್ನೂ ನೋಡದೆ, ಕಿವಿಗೊಟ್ಟು ನಿಂತಳು.

“ಟ್ಯಾಪೆಟ್ ಸಡಿಲವಾಗಿದೆ ಕಣೋ. ನಿನ್ನ ಭಾವ ಇದ್ದಿದ್ದರೆ ಹೀಗೆ ಬಿಡುತ್ತಿರಲಿಲ್ಲ.”

ಮರುದಿನ ಬೆಳಗ್ಗೆ ಭಾವನ ಮೇಜಿನ ಖಾನೆಯಲ್ಲಿ ಫೀಲರ್ ಗೇಜು ಸಿಕ್ಕಿತು. ಅಂತರ ಅಂಗುಲದ ಸಾವಿರದಲ್ಲಿ 15 ಭಾಗವಿರಬೇಕೆಂದು ನನಗಿಂತ ಮೊದಲು ಅವಳೇ ಹೇಳಿದಳು. ನಾನು ಬಾನೆಟ್ಟು ಎತ್ತಿದೆ; ಅವಳು ಮಣೆ ತಂದು ಎದುರಿಗೆ ಹಾಕಿಕೊಂಡು ಕುಳಿತಳು.