ಟ್ರ್ಯಾಕ್ಟರಿನ ಗಾಳಿಕೊಳವೆಗೆ ಗ್ಯಾಸ್ಕೆಟ್ಟು ಕೂರಿಸುವ ಕ್ರಮ

ಟ್ರ್ಯಾಕ್ಟರನ್ನಿಟ್ಟಿರುವ ಭೂಮಾಲೀಕರಲ್ಲಿ ಅನೇಕರು ಗಾಳಿಶೋಧಕವನ್ನು ಕಾಲಕಾಲಕ್ಕೆ ತಪ್ಪದೆ ಶುಚಿ ಮಾಡಿಸುತ್ತಾರೆ. ಆದರೂ ಒಂದೆರಡು ಬೇಸಗೆಗಳೊಳಗೆ ಎಂಜಿನ್ನು ನೀಲಿ ಹೊಗೆಯನ್ನು ಕಾರಿ, ಎಣ್ಣೆಯನ್ನು ಕುಡಿದು, ಬಲಗುಂದುವುದುಂಟು. ಆಗ ಎಣ್ಣೆ ಮಾರಿದವನ ಮೇಲೆಯೋ ಚಾಲಕನ ಮೇಲೆಯೋ ತಪ್ಪು ಹೊರಿಸುವುದು ವಾಡಿಕೆ. ಇನ್‌ಟೇಕ್ ಮ್ಯಾನಿಫೋಲ್ಡ್ ಎಂಬ ಗಾಳಿಕೊಳವೆಯು ಎಂಜಿನ್ನಿಗೆ ಸೇರುವ ಕಡೆ ಇರುವ ತೆಳ್ಳನೆಯ ಗ್ಯಾಸ್ಕೆಟ್ಟನ್ನು ಯಾರೂ ಬಗ್ಗಿ ನೋಡುವುದಿಲ್ಲ.

2,500 ಘನ ಸೆಂಟಿಮೀಟರು ಅಳತೆಯ ಡೀಸೆಲ್ ಎಂಜಿನ್ನು ನಿಮಿಷಕ್ಕೆ 2,000 ಸುತ್ತು ತಿರುಗುವಾಗ ನಿಮಿಷವೊಂದಕ್ಕೆ 2,000 ಲೀಟರಿಗೂ ಮೀರಿ ಗಾಳಿಯನ್ನು ಸೆಳೆದುಕೊಳ್ಳುವುದು. ಒಣ ಕೆಮ್ಮಣ್ಣಿನ ಹೊಲದಲ್ಲಿ ರೋಟವೇಟರ್ ಹೂಡಿದಾಗ ಆ ಗಾಳಿಯು ಎಂತಹುದೆಂಬುದನ್ನು ರೈತರಿಗೆ ಹೇಳಬೇಕಾದುದಿಲ್ಲ. ಕೆಮ್ಮಣ್ಣಿನ ಧೂಳಿನಲ್ಲಿರುವ ಬೆಣಚುಕಲ್ಲಿನ ಕಣಗಳು ಸಿಲಿಂಡರಿನ ಕಬ್ಬಿಣಕ್ಕಿಂತಲೂ ಗಡುಸಾದವು. ಗ್ಯಾಸ್ಕೆಟ್ಟು ಸೀಳಿದ್ದಲ್ಲಿ ಈ ಧೂಳು ಶೋಧಕವನ್ನು ಮುಟ್ಟದೆಯೇ ಒಳನುಗ್ಗಿ, ಎಣ್ಣೆಯೊಡನೆ ಬೆರೆತು, ಪಿಸ್ಟನ್ನಿನ ಬಳೆಗಳನ್ನು ಸಾಣೆಯಂತೆ ತೇಯುವುದು. ಡೀಸೆಲ್ ಎಂಜಿನ್ನಿನಲ್ಲಿ ಈ ಸೋರಿಕೆಯು ಸದ್ದಿನಿಂದ ತಿಳಿಯುವುದು ಅಪರೂಪ.

ಕೊಳವೆಯನ್ನು ಬಿಚ್ಚುವ ಮೊದಲು ಹೊರಗಿನ ಮಣ್ಣನ್ನೆಲ್ಲ ತೊಳೆಯತಕ್ಕದ್ದು. ಬಿಚ್ಚಿದೊಡನೆ ಎಂಜಿನ್ನಿನ ರಂಧ್ರಗಳಿಗೆ ಶುಭ್ರವಾದ ಬಟ್ಟೆಯನ್ನು ತುರುಕಬೇಕು. ಕೆರೆದ ಚೂರೊಂದು ಒಳಗೆ ಬಿದ್ದರೂ ಕೇಡು. ಹಳೆಯ ಗ್ಯಾಸ್ಕೆಟ್ಟುಗಳಲ್ಲಿ ಕಲ್ನಾರು ಇರುವ ಸಂಭವವುಂಟಾದುದರಿಂದ ಒಣಗಿದಂತೆ ಕೆರೆಯದೆ, ನೀರಿನಿಂದ ನೆನೆಸಿ, ಮೊಂಡಾದ ಅಲಗಿನಿಂದ ಮೆಲ್ಲನೆ ತೆಗೆಯುವುದು ಲೇಸು. ಅವಸರಪಟ್ಟು ಉಳಿಯನ್ನು ಹಾಕುವ ಮಿಸ್ತ್ರಿಗಳುಂಟು. ಅಲ್ಯುಮಿನಿಯಮ್ಮಿನ ಮೈಯಲ್ಲಿ ಉಳಿಯು ಗೀರಿದ ಗೆರೆಯೇ ಮುಂದೆ ಧೂಳಿಗೆ ದಾರಿಯಾಗುವುದು. ಇಂತಹ ಸಮಯದಲ್ಲಿ ಯಜಮಾನನು ಎದುರು ನಿಂತು ನೋಡುವುದು ಮಿಸ್ತ್ರಿಗೆ ಅವಮಾನವಲ್ಲ. ಬಳಿಕ ಉಕ್ಕಿನ ನೇರಪಟ್ಟಿಯನ್ನು ಕೊಳವೆಯ ಮುಖದ ಮೇಲಿಟ್ಟು ಬೆಳಕಿಗೆ ಹಿಡಿದು, ಬಾಗಿದೆಯೇ ಎಂದು ನೋಡಬೇಕು. ಬಾಗಿದ ಕೊಳವೆಗೆ ಎಷ್ಟು ಹೊಸ ಗ್ಯಾಸ್ಕೆಟ್ಟು ಹಾಕಿದರೂ ವ್ಯರ್ಥವೇ. ಅದನ್ನು ಲೇತಿನವರಲ್ಲಿ ಸಮ ಮಾಡಿಸಬೇಕು.

ಗ್ಯಾಸ್ಕೆಟ್ಟು ಹೊಸದೇ ಆಗಿರತಕ್ಕದ್ದು. ರಟ್ಟನ್ನು ಕತ್ತರಿಸಿ ಹಾಕುವುದೂ, ಹಳೆಯದಕ್ಕೆ ಗ್ರೀಸು ಬಳಿದು ಮತ್ತೆ ಕೂರಿಸುವುದೂ ಕೂಡದು. ಅದರ ರಂಧ್ರಗಳು ಎಂಜಿನ್ನಿನ ರಂಧ್ರಗಳಿಗೆ ಸರಿಯಾಗಿ ಹೊಂದುವುವೇ ಎಂದು ಮೊದಲು ಇಟ್ಟು ನೋಡಬೇಕು. ತಯಾರಕರು ಹೇಳದಿರುವಾಗ ಅಂಟನ್ನು ಬಳಿಯಕೂಡದು. ಹೆಚ್ಚಾದ ಅಂಟು ಒಳಕ್ಕೆ ಉಬ್ಬಿ, ಹರಿದು ಎಂಜಿನ್ನಿಗೆ ಹೋಗಬಹುದು. ನಟ್ಟುಗಳನ್ನೆಲ್ಲ ಮೊದಲು ಕೈಯಿಂದಲೇ ತಿರುಗಿಸಿ, ಆಮೇಲೆ ನಡುವಿನವುಗಳಿಂದ ತೊಡಗಿ ಎರಡು ಕೊನೆಗಳ ಕಡೆಗೆ, ಎರಡು ಮೂರು ಸರದಿಯಲ್ಲಿ ಬಿಗಿಯಬೇಕು. ಒಂದು ಕೊನೆಯಿಂದ ಬಿಗಿಯುತ್ತ ಹೋದರೆ ಮತ್ತೊಂದು ಕೊನೆ ಎದ್ದು ನಿಲ್ಲುವುದು. ಬಿಗಿಯ ಅಳತೆಯು ಆಯಾ ಟ್ರ್ಯಾಕ್ಟರಿನ ಕೈಪಿಡಿಯಲ್ಲಿರುವುದು. ಟಾರ್ಕ್ ಸ್ಪ್ಯಾನರಿನಿಂದ ಅಷ್ಟಕ್ಕೇ ನಿಲ್ಲಿಸತಕ್ಕದ್ದು. ತೋಳಬಲವನ್ನೆಲ್ಲ ಹಾಕಿದರೆ ಮರೆಯ ಸುತ್ತು ಸವೆದು, ಆ ನಟ್ಟು ಎಂದಿಗೂ ಬಿಗಿಯದು.

ಟರ್ಬೊ ಇಲ್ಲದ ಎಂಜಿನ್ನಿನಲ್ಲಿ ಪರೀಕ್ಷೆಯು ಸುಲಭ. ಎಂಜಿನ್ನು ಮಂದಗತಿಯಲ್ಲಿ ತಿರುಗುತ್ತಿರುವಾಗ ಶೋಧಕದ ಬಾಯನ್ನು ರಬ್ಬರು ಹೊದಿಸಿದ ಹಲಗೆಯಿಂದ ಮುಚ್ಚಬೇಕು, ಅಂಗೈಯಿಂದ ಮುಚ್ಚಬಾರದು. ಸೋರಿಕೆಯಿಲ್ಲದಿದ್ದರೆ ಎಂಜಿನ್ನು ಉಸಿರುಕಟ್ಟಿ ನಿಲ್ಲುವುದು. ನಿಲ್ಲದೆ ಓಡುತ್ತಿದ್ದರೆ ಗಾಳಿಯು ಬೇರೆಲ್ಲಿಂದಲೋ ಒಳಬರುತ್ತಿದೆಯೆಂದು ತಿಳಿಯತಕ್ಕದ್ದು. ಆಗ ಕೊಳವೆಯನ್ನು ಮತ್ತೆ ಬಿಚ್ಚುವ ಮೊದಲು ಶೋಧಕದಿಂದ ಬರುವ ರಬ್ಬರು ನಳಿಗೆಯ ಬಿರುಕುಗಳನ್ನೂ ಅದರ ಪಟ್ಟಿಗಳನ್ನೂ ನೋಡಬೇಕು. ಎಷ್ಟೋ ವೇಳೆ ಕಳ್ಳನು ಅಲ್ಲಿಯೇ ಅಡಗಿರುತ್ತಾನೆ.