ಟಿಗ್ ಬೆಸುಗೆಯ ಸಿದ್ಧತೆ ಮತ್ತು ಕ್ರಮ: ಒಂದು ಚಾರಿತ್ರಿಕ ವಿವೇಚನೆ

ಉಪಕರಣವೊಂದರ ಬಳಕೆಯನ್ನು ಕಲಿಯುವವನಿಗೆ ಅದರ ಚರಿತ್ರೆಯ ಅರಿವು ಅನಾವಶ್ಯಕವೆಂಬ ಭಾವನೆ ಸಾಮಾನ್ಯವಾಗಿದೆ. ಟಿಗ್ ಬೆಸುಗೆಯ ವಿಷಯದಲ್ಲಿ ಈ ಭಾವನೆ ಸರಿಯಲ್ಲವೆಂದು ನಮಗೆ ತೋರುತ್ತದೆ. ಟಂಗ್‌ಸ್ಟನ್ ಕಡ್ಡಿಯ ತುದಿಯಿಂದ ಲೋಹಕ್ಕೆ ವಿದ್ಯುಚ್ಚಾಪವನ್ನು ಹೊತ್ತಿಸಿ, ಕರಗಿದ ಭಾಗಕ್ಕೆ ಗಾಳಿ ಸೋಕದಂತೆ ಜಡಾನಿಲದ ಹೊದಿಕೆಯನ್ನು ಒದಗಿಸಿ ಮಾಡುವ ಬೆಸುಗೆ ಇದು. ಇಂದು ಕಾರ್ಖಾನೆಗಳಲ್ಲಿ ಮಾತ್ರವಲ್ಲದೆ ಮನೆಯಲ್ಲಿ ಕೆಲಸಮಾಡುವ ಹವ್ಯಾಸಿಗಳೂ ಇದನ್ನು ಬಳಸುತ್ತಾರೆ. ಯಂತ್ರದ ಮೇಲಣ ತಿರುಪುಗಳಿಗೆ ಹೇಳಿಕೊಟ್ಟ ಅಂಕಿಗಳನ್ನು ಬಾಯಿಪಾಠ ಮಾಡಿದವನು ಲೋಹ ಬದಲಾದೊಡನೆ ದಿಕ್ಕುತಪ್ಪುತ್ತಾನೆ. ಪ್ರತಿಯೊಂದು ತಿರುಪೂ ಹಿಂದೆ ಎದುರಾದ ಒಂದು ತೊಡಕಿನ ಪರಿಹಾರವೆಂದು ತಿಳಿದವನಿಗೆ ಆ ಭಯವಿಲ್ಲ.

ಗಾಳಿಯ ಆಮ್ಲಜನಕವನ್ನು ದೂರವಿಟ್ಟು ಬೆಸೆಯುವ ವಿಚಾರವನ್ನು ಅಮೆರಿಕದ ಸಿ. ಎಲ್. ಕಾಫಿನ್ 1890ರಷ್ಟು ಹಿಂದೆಯೇ ಮುಂದಿಟ್ಟಿದ್ದನು. ಅದು ಕಾರ್ಯರೂಪಕ್ಕೆ ಬಂದುದು ಎರಡನೆಯ ಮಹಾಯುದ್ಧದ ಕಾಲದಲ್ಲಿ. ವಿಮಾನಗಳಿಗೆ ಬೇಕಾದ ಹಗುರ ಲೋಹವಾದ ಮೆಗ್ನೀಸಿಯಂ ಕರಗಿದಾಗ ಗಾಳಿಯಲ್ಲಿ ಹೊತ್ತಿಕೊಳ್ಳುವ ಸ್ವಭಾವದ್ದು. ನಾರ್ತ್ರಪ್ ವಿಮಾನ ಸಂಸ್ಥೆಯ ರಸೆಲ್ ಮೆರೆಡಿತ್ 1941ರಲ್ಲಿ ಟಂಗ್‌ಸ್ಟನ್ ಕಡ್ಡಿಯನ್ನೂ ಹೀಲಿಯಂ ಅನಿಲವನ್ನೂ ಕೂಡಿಸಿ ಈ ತೊಡಕನ್ನು ನಿವಾರಿಸಿದನು; 1942ರಲ್ಲಿ ಅವನಿಗೆ ಪೇಟೆಂಟು ದೊರೆಯಿತು.

ಆದರೆ ತೊಡಕುಗಳು ಅಲ್ಲಿಗೇ ಮುಗಿಯಲಿಲ್ಲ. ಮೊದಲು ಕಡ್ಡಿಯನ್ನು ಧನ ಧ್ರುವಕ್ಕೆ ಜೋಡಿಸುತ್ತಿದ್ದುದರಿಂದ ಅದು ಅತಿಯಾಗಿ ಕಾದು, ಅದರ ಕಣಗಳು ಬೆಸುಗೆಯೊಳಗೆ ಸೇರುತ್ತಿದ್ದವು. ಋಣ ಧ್ರುವಕ್ಕೆ ಬದಲಿಸಿದಾಗ ಶಾಖದ ಹೆಚ್ಚಿನ ಭಾಗ ಬೆಸೆಯುವ ಲೋಹಕ್ಕೆ ಹೋಗಿ ಕಡ್ಡಿ ಉಳಿಯಿತು. ಉಕ್ಕಿಗೆ ಇಂದಿಗೂ ಇದೇ ಕ್ರಮ. ಅಲ್ಯೂಮಿನಿಯಮ್ಮಿಗೆ ಇದು ಒಗ್ಗಲಿಲ್ಲ. ಆ ಲೋಹ 660 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕರಗಿದರೆ, ಅದರ ಮೇಲಣ ಆಕ್ಸೈಡಿನ ಪೊರೆ ಕರಗಲು 2000 ಡಿಗ್ರಿಗೂ ಹೆಚ್ಚು ಶಾಖ ಬೇಕು. ಕಡ್ಡಿ ಧನವಾದಾಗ ಈ ಪೊರೆ ಒಡೆಯುತ್ತದೆ, ಋಣವಾದಾಗ ಲೋಹ ಆಳಕ್ಕೆ ಕರಗುತ್ತದೆ. ಎರಡೂ ಗುಣಗಳನ್ನು ಒಟ್ಟುಗೂಡಿಸಿದುದೇ ಪರ್ಯಾಯ ವಿದ್ಯುತ್ತು, ಎಂದರೆ ಎ.ಸಿ. ಇಂದಿನ ಯಂತ್ರಗಳಲ್ಲಿರುವ ‘ಬ್ಯಾಲೆನ್ಸ್’ ತಿರುಪು ಈ ಎರಡರ ಪಾಲನ್ನು ನಿರ್ಧರಿಸುತ್ತದೆ. ಋಣದ ಪಾಲು ಶೇಕಡ 70ರ ಆಸುಪಾಸಿನಲ್ಲಿರುವುದು ವಾಡಿಕೆ. ಕಡ್ಡಿಯ ತುದಿ ದೊಡ್ಡ ಗುಂಡಾದರೆ ಧನದ ಪಾಲು ಹೆಚ್ಚಾಯಿತೆಂದೂ, ಕರಗಿದ ಲೋಹದ ಮೇಲೆ ಕಪ್ಪು ಚುಕ್ಕೆಗಳು ಉಳಿದರೆ ಅದು ಕಡಿಮೆಯಾಯಿತೆಂದೂ, ಇಲ್ಲವೆ ಲೋಹ ಕೊಳೆಯಾಗಿದೆಯೆಂದೂ ಊಹಿಸಬಹುದು.

ಕಡ್ಡಿಯ ಆಯ್ಕೆಯಲ್ಲಿಯೂ ಚರಿತ್ರೆಯಿದೆ. ಚಾಪವು ಸುಲಭವಾಗಿ ಹೊತ್ತಲೆಂದು ಟಂಗ್‌ಸ್ಟನ್ನಿಗೆ ಥೋರಿಯಂ ಬೆರೆಸುವ ಪದ್ಧತಿ ಬಹುಕಾಲ ನಡೆಯಿತು. ಥೋರಿಯಂ ವಿಕಿರಣಶೀಲವಾದುದರಿಂದ ಕಡ್ಡಿಯನ್ನು ಮಸೆಯುವಾಗ ಏಳುವ ಧೂಳು ಶ್ವಾಸಕೋಶಕ್ಕೆ ಅಪಾಯಕರ. ಹವ್ಯಾಸಿಗೆ ಲ್ಯಾಂಥನಂ ಬೆರೆಸಿದ ಕಡ್ಡಿಯೇ ಲೇಸು. ಅದನ್ನು ಉದ್ದುದ್ದಕ್ಕೆ ಮಸೆಯಬೇಕು. ಅಡ್ಡಲಾಗಿ ಮಸೆದರೆ ಚಾಪ ಅಲೆದಾಡುತ್ತದೆ. ತುದಿಯು ಕರಗಿದ ಲೋಹಕ್ಕೆ ತಗುಲಿದೊಡನೆ ಕೆಲಸ ನಿಲ್ಲಿಸಿ ಮತ್ತೆ ಮಸೆಯುವುದು ವಿಹಿತ.

ಅನಿಲವು ಹೆಚ್ಚಿದಷ್ಟೂ ರಕ್ಷಣೆ ಹೆಚ್ಚೆಂಬುದು ತಪ್ಪು ತಿಳಿವಳಿಕೆ. ಸಾಮಾನ್ಯ ಕೆಲಸಕ್ಕೆ ನಿಮಿಷಕ್ಕೆ 7ರಿಂದ 10 ಲೀಟರ್ ಆರ್ಗಾನ್ ಸಾಕು. ರಭಸ ಅತಿಯಾದರೆ ಸುಳಿಗಳೆದ್ದು ಹೊರಗಣ ಗಾಳಿಯನ್ನು ಒಳಸೆಳೆಯುತ್ತವೆ. ಚಾಪ ಆರಿದ ಮೇಲೂ ಕೆಲವು ಕ್ಷಣ ಟಾರ್ಚನ್ನು ಅಲ್ಲಿಯೇ ಹಿಡಿದಿರಬೇಕು. ಬಿಸಿಯಾದ ಲೋಹಕ್ಕೂ ಕಡ್ಡಿಗೂ ಆಗಲೂ ಹೊದಿಕೆ ಬೇಕು. ಆರ್ಗಾನ್ ಗಾಳಿಗಿಂತ ಭಾರವಾದುದು, ವಾಸನೆಯಿಲ್ಲದುದು. ಮುಚ್ಚಿದ ಕೋಣೆಯಲ್ಲಿ ಅದು ತುಂಬಿದರೆ ಉಸಿರಾಡುವ ಗಾಳಿಯೇ ಇಲ್ಲವಾಗಿ, ಅರಿವಿಗೆ ಬರುವ ಮುನ್ನವೇ ಪ್ರಾಣಕ್ಕೆ ಎರವಾದೀತು. ಲೋಹವನ್ನು ಕ್ಲೋರಿನ್‌ಯುಕ್ತ ದ್ರಾವಕದಿಂದ ಒರೆಸಿ ಬೆಸೆಯಕೂಡದು; ಚಾಪದ ಕಿರಣಗಳಿಂದ ಫಾಸ್ಜೀನ್ ಎಂಬ ವಿಷಾನಿಲ ಹುಟ್ಟಬಹುದು.

ಇನ್ನು ಹಸ್ತಕೌಶಲದ ಮಾತು. ಉಕ್ಕಿನ ತಗಡಿಗೆ ಪ್ರತಿ ಮಿಲಿಮೀಟರ್ ದಪ್ಪಕ್ಕೆ ಸುಮಾರು 40 ಆಂಪಿಯರ್ ಎಂಬುದು ಆರಂಭದ ಲೆಕ್ಕ. ಚಾಪದ ಉದ್ದ ಕಡ್ಡಿಯ ವ್ಯಾಸವನ್ನು ಹೆಚ್ಚು ಮೀರಬಾರದು; ಟಾರ್ಚಿನ ಓರೆ 15 ಡಿಗ್ರಿಯಷ್ಟಿದ್ದರೆ ಸಾಕು. ಲೋಹವು ಕರಗಿ ಮಡುಗಟ್ಟುವವರೆಗೆ ಕಾದು, ಆ ಬಳಿಕ ಪೂರಕ ಸರಳನ್ನು ಮಡುವಿನ ಅಂಚಿಗೆ ತಾಕಿಸಬೇಕು. ಸರಳಿನ ಬಿಸಿತುದಿ ಅನಿಲದ ಹೊದಿಕೆಯಿಂದ ಹೊರಬರಬಾರದು. ನೋಟಕ್ಕೆ ಸೊಗಸಾದ ಬೆಸುಗೆಯೆಲ್ಲ ಗಟ್ಟಿಯಾದುದಲ್ಲ. ಮಾದರಿ ತುಂಡೊಂದನ್ನು ಬೆಸೆದು, ಅಡ್ಡಲಾಗಿ ಕೊಯ್ದು, ಬಗ್ಗಿಸಿ ನೋಡಿದಲ್ಲದೆ ಭಾರ ಹೊರುವ ಭಾಗವನ್ನು ಬೆಸೆಯಲು ತೊಡಗಬಾರದು.

ಚರಿತ್ರೆಯ ವಿದ್ಯಾರ್ಥಿಗಳಿಗೂ ಇಲ್ಲೊಂದು ಪಾಠವಿದೆ. ಪೇಟೆಂಟು ಪತ್ರದಲ್ಲಿ ನಾವು ಕಾಣುವುದು ಒಬ್ಬನ ಕಲ್ಪನೆಯನ್ನು; ಆಮೇಲೆ ಅನೇಕರು ಪಟ್ಟ ಪಾಡಿನ ದಾಖಲೆ ಯಂತ್ರದ ರಚನೆಯಲ್ಲಿಯೇ ಉಳಿದಿದೆ. ಅಂಥ ದಾಖಲೆಯನ್ನು ಓದುವ ಅಭ್ಯಾಸವನ್ನು ನಮ್ಮ ಕಾಲೇಜುಗಳಲ್ಲಿ ಬೆಳೆಸುವುದು ಅಗತ್ಯವೆಂದು ನಾವು ಭಾವಿಸುತ್ತೇವೆ.